ಗಿಣಿಗೇರಾದ ಮಾಳಿಗೆಯ ಮೇಲೆ ಒಣಗಿದ ಹೊಟ್ಟು

ಕಳೆದ ವಾರ ಬಿಳಿಯ ಬಟ್ಟೆಯೊಂದನ್ನು ಮಡಚಿ ಕೈಚೀಲದಲ್ಲಿಟ್ಟುಕೊಂಡು ಗಿಣಿಗೇರಾದ ಆ ಮಾಳಿಗೆಯನ್ನು ಮತ್ತೆ ಹತ್ತಿದೆ. ಮೆಟ್ಟಿಲಿನ ತಿರುವಿನಲ್ಲಿ ಪಕ್ಕದ ಮನೆಯ ನೀರೊಲೆಯಿಂದ ಹೊಟ್ಟು ಸುಡುವ ವಾಸನೆ ಬಂತು. ಭತ್ತದ ಹೊಟ್ಟು ಭುಗಿಲೆದ್ದು ಉರಿಯುವ ಜಾತಿಯದಲ್ಲ. ಒಳಗೊಳಗೇ ಕೆಂಪಾಗಿ ಕನಲುತ್ತ, ಸ್ವಲ್ಪ ಸಿಹಿಯೂ ಸ್ವಲ್ಪ ಘಾಟೂ ಆದ ಹೊಗೆಯನ್ನು ಬಿಡುತ್ತದೆ. ಆ ಒಂದು ಉಸಿರಿಗೆ ನಾನು ಒಂದು ಬೇಸಿಗೆಯ ಕೊನೆಗೆ, ಅದನ್ನು ಹಿಂಬಾಲಿಸಿದ ಮಳೆಗಾಲದ ಬಾಗಿಲಿಗೆ ಹೋಗಿ ನಿಂತೆ.

“ಮೇಡಮ್ಮಾ, ಮತ್ತ ಬಿಳಿ ಅರಿವಿ ತಂದೀರಲ್ರಿ! ಈ ಸರ್ತಿ ಫಿರ್ಯಾದಿ ಯಾರ ಮ್ಯಾಲೆ?” ಎಂದು ಮನೆಯೊಡತಿ ಖಾಜಾಬಿ ಅಂಗಳದಿಂದಲೇ ಕೂಗಿದರು.

“ಫಿರ್ಯಾದಿ ಅಲ್ರಿ ಅಕ್ಕಾರ. ಧೂಳ ಕಳಸ್ರಿ ಅಂತ ನಿಮ್ಮ ಮಗಳು ಫೋನ್ ಮಾಡ್ಯಾಳ.”

“ಯಾ ಅಲ್ಲಾ! ಅಷ್ಟು ದೊಡ್ಡ ಶಹರಕ್ಕ ಹೋಗ್ಯಾಳ, ಅಲ್ಲಿ ಅಕಿಗಿ ಒಂದ ಹಿಡಿ ಧೂಳ ಸಿಗಲಿಲ್ಲೇನ್ರಿ?”

ಮಗಳೆಂದರೆ ರೆಹಾನಾ. ಕೊಪ್ಪಳದ ಪದವಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುವವಳು. ಅವಳು ನನ್ನ ವಿದ್ಯಾರ್ಥಿನಿ. ಎಂ.ಎಸ್ಸಿ. ಮುಗಿಸಿ ಬಂದು ನಮ್ಮ ಪ್ರಯೋಗಾಲಯದಲ್ಲಿ ನನ್ನೊಡನೆ ದುಡಿದಳು. ಈಗ ದೂರದ ನಗರದ ಸಂಶೋಧನಾ ಸಂಸ್ಥೆಯಲ್ಲಿ, ಮೆಥನಾಲ್ ಇಂಧನಕೋಶದ ಕ್ಯಾಥೋಡಿಗೆ ಯೋಗ್ಯವಾದ ವೇಗವರ್ಧಕವನ್ನು ಹುಡುಕುವುದು ಅವಳ ನಿತ್ಯದ ಕೆಲಸ. ಆ ಹುಡುಕಾಟ ಆರಂಭವಾದದ್ದು ಈ ಮಾಳಿಗೆಯ ಮೇಲೆ, ನಾವಿಬ್ಬರೂ ಕಾದ ನೆಲದ ಮೇಲೆ ಬರಿಗಾಲಿನಲ್ಲಿ ಹಾರುತ್ತ ಹರಡಿದ ಹೊಟ್ಟಿನ ನಡುವೆ.

ವಿಷಯವನ್ನು ಮೊದಲು ಸ್ಪಷ್ಟಪಡಿಸುವುದು ನನ್ನಂಥ ಚರ್ಚಾಪಟುವಿನ ಧರ್ಮ. ಮೆಥನಾಲ್ ಒಂದು ಬಗೆಯ ಮದ್ಯಸಾರ. ಮನುಷ್ಯನಿಗೆ ವಿಷ, ಯಂತ್ರಕ್ಕೆ ಆಹಾರ. ಇಂಧನಕೋಶದಲ್ಲಿ ಅದನ್ನು ಬೆಂಕಿಯಲ್ಲಿ ಉರಿಸುವುದಿಲ್ಲ. ತೆಳುವಾದ ಹಾಳೆಯೊಂದರ ಈಚೆಗೆ ಮೆಥನಾಲ್, ಆಚೆಗೆ ಗಾಳಿ. ಎರಡರ ನಡುವಿನ ಸದ್ದಿಲ್ಲದ ವ್ಯವಹಾರದಿಂದ ವಿದ್ಯುತ್ತು ಹುಟ್ಟುತ್ತದೆ. ಗಾಳಿಯ ಬದಿಯೇ ಕ್ಯಾಥೋಡ್. ಅಲ್ಲಿ ಆಮ್ಲಜನಕವನ್ನು ಬರಮಾಡಿಕೊಂಡು ಕೆಲಸಕ್ಕೆ ಹಚ್ಚುವ ವೇಗವರ್ಧಕವಾಗಿ ಸಾಮಾನ್ಯವಾಗಿ ಪ್ಲಾಟಿನಂ ಬಳಸುತ್ತಾರೆ. ಆದರೆ ನಡುವಿನ ಹಾಳೆ ಸೋರುತ್ತದೆ. ಸೋರಿ ಬಂದ ಮೆಥನಾಲನ್ನು ಕಂಡೊಡನೆ ಪ್ಲಾಟಿನಂ ತನ್ನ ಕರ್ತವ್ಯವನ್ನು ಮರೆತು ಅದರ ಬೆನ್ನು ಹತ್ತುತ್ತದೆ. ಬೀಗರನ್ನು ಎದುರುಗೊಳ್ಳಲು ಮದುವೆಮನೆಯ ಬಾಗಿಲಲ್ಲಿ ನಿಲ್ಲಿಸಿದ ಹಿರಿಯರು ಹಿತ್ತಲಿನಿಂದ ಬಂದ ಹಳೆಯ ಗೆಳೆಯನೊಡನೆ ಹರಟೆಗೆ ಕುಳಿತಂತೆ. ಬೀಗರು ಬಾಗಿಲಲ್ಲೇ ನಿಂತಿರುತ್ತಾರೆ. ಮೆಥನಾಲ್ ಬಂದು ಮೈಗೆ ತಾಗಿದರೂ ತಿರುಗಿ ನೋಡದ ವಸ್ತುವೊಂದು ಬೇಕು, ಅದು ಪ್ಲಾಟಿನಂನಂತೆ ಶ್ರೀಮಂತರ ಸೊತ್ತಾಗಿರಬಾರದು. ಜಗತ್ತಿನ ಹಲವು ಪ್ರಯೋಗಾಲಯಗಳು ಹುಡುಕುತ್ತಿರುವುದು ಇದನ್ನೇ.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಒಂದು ಕನಸಿನಿಂದ. ಸಿದ್ದಾಪುರದ ಸುತ್ತ ಕಾಲುವೆಯ ನೀರಿನ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿಯಿಡುವುದನ್ನು ಕಂಡಾಗಲೆಲ್ಲ, ಆ ಹುಲ್ಲಿನಿಂದ ಮೆಥನಾಲ್ ಆಗಬಹುದಲ್ಲ ಎಂದುಕೊಳ್ಳುತ್ತಿದ್ದೆ. ಆ ಮೆಥನಾಲಿನಿಂದ ಇರಕಲ್ಲಗಡದ ಆಚೆಯ ಸಣ್ಣ ಹಳ್ಳಿಯೊಂದರಲ್ಲಿ ಲಸಿಕೆಯ ಪೆಟ್ಟಿಗೆ ತಂಪಾಗಿ ಉಳಿಯಬಹುದಲ್ಲ. ಕುಷ್ಟಗಿಯಿಂದ ಹೊರಟು ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳ ಪಾರಿತೋಷಕಗಳಿಂದ ಮನೆ ತುಂಬಿಸಿದವಳು ನಾನು. ಸರಿಯಾಗಿ ಜೋಡಿಸಿದ ಸಾಕ್ಷ್ಯಕ್ಕೆ ಲೋಕ ಒಂದಲ್ಲ ಒಂದು ದಿನ ತಲೆಬಾಗುತ್ತದೆ ಎಂಬುದು ಆಗಲೂ ಈಗಲೂ ನನ್ನ ನಂಬಿಕೆ.

ಅದೇ ನಂಬಿಕೆಯಿಂದ ಆ ಬೇಸಿಗೆಯಲ್ಲಿ ಇನ್ನೊಂದು ಕೆಲಸವನ್ನೂ ಹಚ್ಚಿಕೊಂಡಿದ್ದೆ. ಕಬ್ಬಿಣದ ಕಾರ್ಖಾನೆಗಳ ಧೂಳಿನ ವಿರುದ್ಧ ಊರಿನ ಕೆಲವರು ಸೇರಿ ಸಮಿತಿಯೊಂದನ್ನು ಕಟ್ಟಿದ್ದೆವು. ಗಿಣಿಗೇರಾದಲ್ಲಿ ಖಾಜಾಬಿಯವರು ಬಿಳಿಯ ಬಟ್ಟೆಗಳನ್ನು ಕೋಣೆಯೊಳಗೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು; ಹೊರಗೆ ಹಾಕಿದರೆ ಸಂಜೆಗೆ ಬೂದು ಬಣ್ಣ. ಅವರ ಮಾಳಿಗೆಯ ಮೇಲೆ ನಾನು ಒಂದು ಹೊಸ ಬಿಳಿಯ ಬಟ್ಟೆಯನ್ನು ಹಾಸಿ, ಕರಿಯಾದ ಮೇಲೆ ಅದನ್ನು ಸಭೆಗೆ ಒಯ್ದೆ. ಕಾರ್ಖಾನೆಗಳ ಪರವಾಗಿ ಬಂದವರು “ಇದು ರಸ್ತಾದ ಮಣ್ಣ್ರಿ” ಎಂದರು. ನಾನು ಚೀಲದಿಂದ ಅಯಸ್ಕಾಂತವನ್ನು ತೆಗೆದು ಬಟ್ಟೆಯ ಮೇಲೆ ಎಳೆದೆ. ಧೂಳು ಮುಳ್ಳಿನಂತೆ ನಿಮಿರಿ ಅದಕ್ಕೆ ಅಂಟಿತು. ಸಭೆ ಚಪ್ಪಾಳೆ ತಟ್ಟಿತು. ಖಾಜಾಬಿಯವರ ಯಜಮಾನರು ಅದೇ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದವರು. ಅವರು ಮಾತ್ರ ಮರುದಿನ ಚಹಾ ಕೊಡುತ್ತ ಮೆಲ್ಲಗೆ ಅಂದರು: “ಮೇಡಂ, ನೀವು ಅದರಾಗ ಧೂಳ ನೋಡ್ತೀರಿ. ನಾವು ಅದರಾಗ ರೊಟ್ಟಿ ನೋಡ್ತೀವಿ. ಎರಡೂ ಖರೇನ ಅದಾವು.” ಆ ಕರಿಯ ಬಟ್ಟೆಯನ್ನು ಮಡಚಿ ಪ್ರಯೋಗಾಲಯದ ಕಪಾಟಿನ ಮೇಲಿಟ್ಟೆ.

ಪ್ರಯೋಗಾಲಯದಲ್ಲಿ ನಡೆಯುತ್ತಿದ್ದುದು ಹೊಟ್ಟಿನ ಕೆಲಸ. ಸಿದ್ದಾಪುರದ ಅಕ್ಕಿ ಗಿರಣಿಯಿಂದ ಚೀಲಗಟ್ಟಲೆ ಹೊಟ್ಟು ತರುತ್ತಿದ್ದೆವು. ಅದನ್ನು ತೊಳೆದು, ಒಣಗಿಸಿ, ಪುಡಿ ಮಾಡಿ, ಯೂರಿಯಾದ ನೀರಿನಲ್ಲಿ ನೆನೆಸಿ, ಗಾಳಿ ಸೋಂಕದಂತೆ ಸಾರಜನಕ ಹರಿಯುವ ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಕರಿಯ ಇಂಗಾಲ ಸಿಗುತ್ತಿತ್ತು. ಹೊಟ್ಟಿನಲ್ಲಿರುವ ಮರಳಿನ ಅಂಶ ಕ್ಷಾರದಲ್ಲಿ ಕುದಿಸಿದರೆ ಹೋಗುತ್ತದೆ. ಕೊನೆಗೆ ಆಮ್ಲದಲ್ಲಿ ಕುದಿಸಿ ತೊಳೆಯಬೇಕು. ಲೋಹವೇ ಇಲ್ಲದ, ಬರಿಯ ಇಂಗಾಲ ಮತ್ತು ಸಾರಜನಕದ ವೇಗವರ್ಧಕ ನಮ್ಮ ಗುರಿ. ಕಾಲೇಜಿನ ಓವನ್ ರೊಟ್ಟಿ ಡಬ್ಬಿಯಷ್ಟು ಚಿಕ್ಕದು. ಆದ್ದರಿಂದ ತೊಳೆದ ಹೊಟ್ಟನ್ನು ರೆಹಾನಾಳ ಮನೆಯ ಮಾಳಿಗೆಯ ಮೇಲೆ ಹರಡುತ್ತಿದ್ದೆವು. ಅಲ್ಲಿನ ಬಿಸಿಲಿಗೆ ಓವನ್ನಿನ ಹಂಗಿಲ್ಲ. “ಮಂದಿ ಹಪ್ಪಳ ಒಣಗಸ್ತಾರ, ಸಂಡಗಿ ಒಣಗಸ್ತಾರ. ನಮ್ಮ ಮನ್ಯಾಗ ಎಮ್ಮಿ ಸೈತ ಮೂಸಿ ನೋಡದ ಹೊಟ್ಟು!” ಎಂದು ಖಾಜಾಬಿ ಹಣೆ ಬಡಿದುಕೊಳ್ಳುತ್ತಿದ್ದರು.

ಆ ಬೇಸಿಗೆಯ ಒಂದು ಮಧ್ಯಾಹ್ನವನ್ನು ನಾನು ಮರೆಯಲಾರೆ. ನಮ್ಮ ಪುಡಿಯನ್ನು ಶಾಯಿಯಂತೆ ಕಲಸಿ ಸಣ್ಣ ವಿದ್ಯುದ್ವಾರದ ತುದಿಗೆ ಸವರಿ, ಆಮ್ಲಜನಕದ ಗುಳ್ಳೆಗಳು ಏಳುತ್ತಿದ್ದ ದ್ರಾವಣದಲ್ಲಿ ಇಳಿಬಿಟ್ಟಿದ್ದೆವು. ಪರದೆಯ ಮೇಲೆ ವಿದ್ಯುತ್ತಿನ ಹರಿವನ್ನು ತೋರಿಸುವ ಗೆರೆ ಇಳಿಯುತ್ತ ಹೋಯಿತು, ಪ್ಲಾಟಿನಂನ ಗೆರೆಗೆ ಹತ್ತಿರ ಹತ್ತಿರ. ಅಲ್ಲಿಯವರೆಗೆ ಸರಿ. ಈಗ ನಿಜವಾದ ಪರೀಕ್ಷೆ. ಮೊದಲು ಪ್ಲಾಟಿನಂನ ಪಾತ್ರೆಗೆ ರೆಹಾನಾ ಕೆಲವು ಹನಿ ಮೆಥನಾಲ್ ಬಿಟ್ಟಳು. ಗೆರೆ ಒಮ್ಮೆಲೇ ಬೆದರಿದ ಹೋರಿಯಂತೆ ಎದುರು ದಿಕ್ಕಿಗೆ ನೆಗೆಯಿತು. ಆಮೇಲೆ ನಮ್ಮ ಪುಡಿಯ ಪಾತ್ರೆಗೆ ಬಿಟ್ಟಳು. ಏನೂ ಆಗಲಿಲ್ಲ. ಇನ್ನಷ್ಟು ಬಿಟ್ಟಳು. ಗೆರೆ ಅಲುಗಲಿಲ್ಲ.

“ಮೇಡಂ, ಯಂತ್ರ ಕೆಟ್ಟೈತೇನ್ರಿ?” ಎಂದಳು, ನಗು ತಡೆಯಲಾರದೆ.

ಭೌತಶಾಸ್ತ್ರದ ವೀರನಗೌಡರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಲಬುರ್ಗಾದ ಕಡೆಯವರು, ಯಾವುದನ್ನೂ ಮೊದಲ ಸಲಕ್ಕೆ ಒಪ್ಪುವವರಲ್ಲ. “ಯಂತ್ರ ಕೆಟ್ಟಿಲ್ಲ ತಂಗಿ. ಆದ್ರ ಒಮ್ಮೆ ಆಗಿದ್ದು ಪವಾಡ, ಎರಡನೇ ಸರ್ತಿ ಆದ್ರ ವಿಜ್ಞಾನ. ಇನ್ನೊಮ್ಮೆ ಮಾಡು, ಆಮ್ಯಾಲೆ ಪೇಡೆ ತಿನ್ನೂಣು,” ಎಂದು ಹೋದರು.

ಪುಡಿಯ ಸ್ವಲ್ಪ ಭಾಗವನ್ನು ಈಗ ರೆಹಾನಾ ಇರುವ ಆ ಸಂಸ್ಥೆಗೆ ಕಳುಹಿಸಿದೆವು. ಅಲ್ಲಿನ ಪರೀಕ್ಷೆಯಲ್ಲೂ ಅದು ಗೆದ್ದಿತು. ಅವರು ಗೌಡರ ಮಾತನ್ನೇ ಬೇರೆ ಭಾಷೆಯಲ್ಲಿ ಹೇಳಿದರು: ಇದೇ ವಿಧಾನದಿಂದ ಮತ್ತೊಮ್ಮೆ ಮಾಡಿ ಕಳುಹಿಸಿ, ಹೀಗೆಯೇ ಬಂದರೆ ಮಳೆಗಾಲ ಮುಗಿಯುವುದರೊಳಗೆ ರೆಹಾನಾಳಿಗೆ ನಮ್ಮಲ್ಲಿ ಸಂಶೋಧಕಿಯ ಸ್ಥಾನವಿದೆ. ಮನೆಯಲ್ಲಿ ಇನ್ನೊಂದು ಬಾಗಿಲೂ ತೆರೆದಿತ್ತು. ಕಾರ್ಖಾನೆಯ ಲ್ಯಾಬಿನಲ್ಲಿ ಅದಿರು ಪರೀಕ್ಷಿಸುವ ನೌಕರಿಗೆ ಅವಳ ತಂದೆ ಮಾತಾಡಿಟ್ಟಿದ್ದರು. “ಅದೂ ಛಲೋ ಕೆಲಸಾನ ಐತ್ರಿ ಮೇಡಂ,” ಎನ್ನುತ್ತಿದ್ದಳು ರೆಹಾನಾ. “ಆದ್ರ ಅಲ್ಲಿ ಉತ್ತರ ಮೊದಲ ಗೊತ್ತಿರ್ತೈತಿ. ನನಗ ಇದು ಹೆಂಗಾತು ಅಂತ ತಿಳೀಬೇಕಾಗೇತಿ.”

ಅಷ್ಟರಲ್ಲಿ ಮಳೆ ಬಂತು. ಕಾರ್ಖಾನೆಗಳ ಹೊಗೆ ಬೇರೆ ದಿಕ್ಕಿಗೆ ವಾಲಿತು, ಗಿಣಿಗೇರಾದ ಬೇವಿನ ಮರಗಳು ಎಲೆ ತೊಳೆದುಕೊಂಡು ನಿಜವಾದ ಹಸಿರನ್ನು ತೋರಿಸಿದವು. ಎರಡನೆಯ ಬಾರಿಯ ಹೊಟ್ಟನ್ನು ಮಾಳಿಗೆಗೆ ತರಲಾಗದೆ ಕಾಲೇಜಿನ ಓವನ್ನಿನಲ್ಲೇ ಸ್ವಲ್ಪ ಸ್ವಲ್ಪವಾಗಿ ಒಣಗಿಸಿದೆವು. ಅದೇ ಗಿರಣಿ, ಅದೇ ಯೂರಿಯಾ, ಅದೇ ಕುಲುಮೆ. ಪುಡಿ ಕೂಡ ನೋಡಲು ಅದೇ ಕಪ್ಪು. ದ್ರಾವಣದಲ್ಲಿ ಇಳಿಬಿಟ್ಟರೆ ಗೆರೆ ಸತ್ತು ಮಲಗಿತ್ತು. ಆಮ್ಲಜನಕದ ಬಗ್ಗೆಯೂ ಅದಕ್ಕೆ ಉತ್ಸಾಹವಿಲ್ಲ, ಮೆಥನಾಲಿನ ಬಗ್ಗೆಯೂ ಇಲ್ಲ. ಮತ್ತೆ ಮಾಡಿದೆವು, ಮತ್ತೆ ಹಾಗೆಯೇ. ಭತ್ತದ ತಳಿ ಬದಲಾಗಿರಬಹುದೇ ಎಂದು ಗಿರಣಿಗೆ ಹೋಗಿ ವಿಚಾರಿಸಿದೆವು. ಯೂರಿಯಾ ಬದಲಿಸಿದೆವು. ಕುಲುಮೆಯ ಶಾಖವನ್ನು ಏರಿಸಿ ಇಳಿಸಿ ನೋಡಿದೆವು. ಸಂಸ್ಥೆಯಿಂದ ಫೋನು ಬಂದಾಗಲೆಲ್ಲ ರೆಹಾನಾ ಹೊರಗೆ ಹೋಗಿ ಮಾತಾಡುತ್ತಿದ್ದಳು, ಒಳಗೆ ಬಂದು ಬೀಕರು ತೊಳೆಯುತ್ತಿದ್ದಳು.

ನಮ್ಮ ಪ್ರಯೋಗಾಲಯದಲ್ಲಿ ನಾನು ಹಾಕಿದ್ದ ಒಂದು ಪದ್ಧತಿಯಿತ್ತು. ಶನಿವಾರ ಪಾಠಗಳು ಮುಗಿದ ಮೇಲೆ ವಾರದ ಫಲಿತಾಂಶವನ್ನು ಒಂದು ವಾಕ್ಯವಾಗಿ ಕಪ್ಪುಹಲಗೆಯ ಮೇಲೆ ಬರೆದು, ಚೀಟಿ ಎತ್ತಿ, ಒಬ್ಬರು ಪರವಾಗಿ ಒಬ್ಬರು ವಿರೋಧವಾಗಿ ವಾದಿಸಬೇಕು. ಚೀಟಿಯಲ್ಲಿ ಬಂದ ಪಕ್ಷವನ್ನು ಮನಸ್ಸು ಒಪ್ಪದಿದ್ದರೂ ಪೂರ್ಣ ಪ್ರಾಮಾಣಿಕತೆಯಿಂದ ವಾದಿಸಬೇಕೆಂಬುದು ಅದರ ನಿಯಮ. ಗೌಡರು ಅಧ್ಯಕ್ಷರು, ಸ್ಟೀಲಿನ ಲೋಟವನ್ನು ಚಮಚೆಯಿಂದ ಬಡಿದರೆ ಅದೇ ಗಂಟೆ. ಆ ಶನಿವಾರ ಹಲಗೆಯ ಮೇಲೆ ‘ನಮ್ಮ ಮೊದಲ ಪುಡಿಯಲ್ಲಿ ಲೋಹವಿಲ್ಲ’ ಎಂದು ಬರೆದಿದ್ದೆವು. ಪರ ನನಗೆ ಬಂತು. ವಿರೋಧ ರೆಹಾನಾಳಿಗೆ.

ನನ್ನ ವಾದ ಸುಭದ್ರವಾಗಿತ್ತು. ಬಳಸಿದ್ದು ಹೊಟ್ಟು ಮತ್ತು ಯೂರಿಯಾ ಮಾತ್ರ. ಆಮ್ಲದಲ್ಲಿ ಕುದಿಸಿ, ನೀರು ಶುದ್ಧವಾಗಿ ಬರುವವರೆಗೆ ತೊಳೆದಿದ್ದೇವೆ. ಕೊನೆಯ ತೊಳೆದ ನೀರನ್ನು ಪರೀಕ್ಷಿಸಿದ್ದೇವೆ. ಅದರಲ್ಲಿ ಯಾವ ಲೋಹವೂ ಸಿಕ್ಕಿಲ್ಲ.

ರೆಹಾನಾ ಎದ್ದು ನಿಂತಳು. “ಅಧ್ಯಕ್ಷರ, ಮೇಡಂ ಅವರು ತೊಳೆದ ನೀರಿನ ಪರೀಕ್ಷಾ ಮಾಡ್ಯಾರ. ಪುಡಿ ಪರೀಕ್ಷಾ ಮಾಡಿಲ್ಲ. ಇದು ನನ್ನ ಮೊದಲನೇ ಮಾತು.”

“ಅಡ್ಡಿಯಿಲ್ಲ, ಛಲೋ ಐತಿ,” ಎಂದು ಗೌಡರು ಲೋಟ ಬಡಿದರು.

“ಎರಡನೇದು. ಬ್ಯಾಸಿಗಿ ಪುಡಿ ಜೀವಂತ ಐತಿ, ಮಳಿಗಾಲದ ಪುಡಿ ಸತ್ತೈತಿ. ನಡುವ ಬದಲಾಗಿದ್ದೇನ್ರಿ ಮೇಡಂ?”

“ತೇವ.”

“ತೇವ ಕುಲುಮ್ಯಾಗ ಉಳಿಯಂಗಿಲ್ರಿ. ಮತ್ತ?”

“ಬಿಸಿಲು.”

“ಬಿಸಿಲು ಮಾಡೋದು ಒಣಗಿಸೋದು ಅಷ್ಟ. ಅದನ್ನ ಓವನ್ನೂ ಮಾಡೇತಿ. ಮತ್ತ? ಬಿಸಿಲಿನ ಜೋಡಿ ಅಲ್ಲಿ ಮತ್ತೇನಿತ್ತ್ರಿ?” ಎಂದು ಕೇಳುತ್ತ, ಪ್ರಶ್ನೆಯ ನಡುವೆಯೇ ಅವಳು ನಿಂತುಬಿಟ್ಟಳು. ಅವಳ ಕಣ್ಣು ಕಪಾಟಿನ ಮೇಲಿದ್ದ ಕರಿಯ ಬಟ್ಟೆಯತ್ತ ಇತ್ತು. “ಮೇಡಂ... ಆ ಅರಿವಿ ಎಲ್ಲಿ ಹಾಸಿದ್ರಿ ನೀವು?”

“ನಿಮ್ಮ ಮಾಳಿಗಿ ಮ್ಯಾಲೆ.”

“ಹೊಟ್ಟು ಎಲ್ಲಿ ಹಾಸಿದ್ವಿ?”

ಗೌಡರ ಕೈಯಲ್ಲಿದ್ದ ಚಮಚೆ ಲೋಟಕ್ಕೆ ತಾಗದೆ ಗಾಳಿಯಲ್ಲೇ ನಿಂತಿತು. ಆಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಅಯ್ಯ ಶಿವನ! ಒಂದ ಮಾಳಿಗಿ ಮ್ಯಾಲೆ ಆ ಕಡಿ ಫಿರ್ಯಾದಿ, ಈ ಕಡಿ ಸಂಶೋಧನಾ! ನಡುವ ಗ್ವಾಡಿ ಕಟ್ಟಿದ್ರೇನ್ರಿ ಮೇಡಂರ?”

ಗೋಡೆಯನ್ನು ಕಟ್ಟಿದ್ದೆವು, ತಲೆಯೊಳಗೆ. ಬೇರೆ ಊರಿನವರು ಆ ಮಾಳಿಗೆಯನ್ನು ಹತ್ತಿದ್ದರೆ ಮೊದಲ ದಿನವೇ ಮುಖ ಸಿಂಡರಿಸಿ ಹೊಟ್ಟಿನ ಮೇಲೆ ಏನಾದರೂ ಮುಚ್ಚುತ್ತಿದ್ದರು. ಧೂಳಿನಲ್ಲಿಯೇ ಉಣ್ಣುವ, ಮಲಗುವ ನಮಗೆ ಅದು ಸಭೆಯಲ್ಲಿ ಮಾತ್ರ ಕಾಣುತ್ತಿತ್ತು, ಮನೆಯಲ್ಲಿ ಕಾಣುತ್ತಿರಲಿಲ್ಲ.

ಆದರೆ ಹೊಳೆದದ್ದೆಲ್ಲ ನಿಜವಲ್ಲ; ಪರೀಕ್ಷೆಯಾಗಬೇಕು. ಮೊದಲ ಪುಡಿಯ ಉಳಿದಿದ್ದ ಚಿಟಿಕೆಯನ್ನು ಪೂರ್ತಿ ಸುಟ್ಟು ಬೂದಿ ಮಾಡಿ ಆಮ್ಲದಲ್ಲಿ ಕರಗಿಸಿದೆವು. ಅದಕ್ಕೆ, ಪದವಿ ತರಗತಿಯ ಮಕ್ಕಳು ಲವಣ ಪರೀಕ್ಷೆಗೆ ಬಳಸುವ ಥಯೊಸೈನೇಟಿನ ಹನಿ ಬಿಟ್ಟೆವು. ಕಬ್ಬಿಣವಿದ್ದರೆ ಕೆಂಪಾಗಬೇಕು. ಎಲೆಯಡಿಕೆ ಜಗಿದು ಉಗುಳಿದಂತೆ ಕೆಂಪಾಯಿತು. ಸತ್ತ ಪುಡಿಯ ಬೂದಿ ಮಾತ್ರ ಬಣ್ಣವಿಲ್ಲದೆ ಉಳಿಯಿತು. ಓವನ್ನಿನಲ್ಲಿ ಒಣಗಿದ ಹೊಟ್ಟನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಆ ಕರಿಯ ಬಟ್ಟೆಯಿಂದ ಕೊಡವಿದ ಧೂಳನ್ನು ಬೆರೆಸಿ ಎರಡನ್ನೂ ಕುಲುಮೆಗೆ ಹಾಕಿದೆವು. ಧೂಳು ಬೆರೆತದ್ದು ಬದುಕಿತು, ಇನ್ನೊಂದು ಸತ್ತಿತು. ಮೆಥನಾಲ್ ಬಿಟ್ಟರೆ ಬದುಕಿದ್ದರ ಗೆರೆ ಅಲುಗಲಿಲ್ಲ. ಮೇಲೆ ಕುಳಿತ ಧೂಳು ಆಮ್ಲದಲ್ಲಿ ಕರಗಿಹೋಗುತ್ತದೆ. ಕುಲುಮೆಯ ಶಾಖದಲ್ಲಿ ಸಾರಜನಕದ ತೋಳುಗಳ ನಡುವೆ ಒಂಟಿಯಾಗಿ ಸಿಕ್ಕಿಕೊಂಡ ಕಬ್ಬಿಣದ ಕಣಗಳನ್ನು ಆಮ್ಲವೂ ಬಿಡಿಸಲಾರದು. ಬಾಗಿಲಲ್ಲಿ ನಿಂತು ಆಮ್ಲಜನಕವನ್ನು ಎದುರುಗೊಳ್ಳುತ್ತಿದ್ದವು ಅವೇ ಎಂದು ನಮ್ಮ ಊಹೆ. ನಾನು ಸಭೆಯಲ್ಲಿ ವೈರಿಯೆಂದು ಎತ್ತಿ ತೋರಿಸಿದ್ದ ವಸ್ತು ಪ್ರಯೋಗಾಲಯದಲ್ಲಿ ನಮಗೆ ಹೇಳದೆಯೇ ಕೆಲಸ ಮಾಡುತ್ತಿತ್ತು.

ಈಗ ಸಂಸ್ಥೆಗೆ ಏನು ಹೇಳುವುದು? ಲೋಹರಹಿತ ಎಂಬ ಒಂದೇ ಶಬ್ದವನ್ನು ಅವರು ಮೆಚ್ಚಿದ್ದರು, ರೆಹಾನಾಳ ಸ್ಥಾನವೂ ಅದನ್ನೇ ಅವಲಂಬಿಸಿತ್ತು. ಗೌಡರು ಕಣ್ಣು ಮಿಟುಕಿಸಿ, “ನಾವಾಗಿ ಲೋಹ ಹಾಕಿಲ್ಲ ಅಂತ ಬರಿ. ಸುಳ್ಳೂ ಅಲ್ಲ, ಮತ್ತ ಪೂರಾ ಖರೇನೂ ಅಲ್ಲ,” ಎಂದರು. ಚರ್ಚಾವೇದಿಕೆಯ ಮೇಲೆ ಅದು ಚಪ್ಪಾಳೆ ಗಿಟ್ಟಿಸುವ ವಾಕ್ಯ.

ರೆಹಾನಾ ನನ್ನತ್ತ ನೋಡಿದಳು. “ಮೇಡಂ, ಚೀಟಿ ಎತ್ತೂಣೇನ್ರಿ?”

“ಇದಕ್ಕ ಚೀಟಿ ಬ್ಯಾಡ,” ಎಂದೆ.

ಅವಳೂ ಅದನ್ನೇ ಬಯಸಿದ್ದಳು. ಅಲ್ಲೇ ನಮ್ಮೆದುರಿಗೆ ಫೋನು ಹಚ್ಚಿ, ಮನೆಯ ಮಾಳಿಗೆ, ಕಾರ್ಖಾನೆಯ ಧೂಳು, ಕೆಂಪಾದ ದ್ರಾವಣ, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಆ ವರ್ಷ ಆ ಸ್ಥಾನ ಬೇರೊಬ್ಬರಿಗೆ ಹೋಯಿತು. ತಂದೆ ಮಾತಾಡಿಟ್ಟಿದ್ದ ನೌಕರಿಗೂ ಅವಳು ಹೋಗಲಿಲ್ಲ. “ಧೂಳ ತಾನಾಗಿ ಬಂದು ಇಷ್ಟು ಮಾಡಿದ್ರ, ಅಳತಿ ಹಿಡಿದು ಹಾಕಿದ್ರ ಎಷ್ಟು ಮಾಡಬಹುದ್ರಿ?” ಎಂಬುದೊಂದೇ ಅವಳ ಪ್ರಶ್ನೆ. ಮಳೆಗಾಲವೆಲ್ಲ ಕಬ್ಬಿಣದ ಲವಣವನ್ನು ತೂಗಿ ತೂಗಿ ಹೊಟ್ಟಿಗೆ ಬೆರೆಸಿದಳು. ಮಳೆ ಹಿಂದೆ ಸರಿಯುವ ಹೊತ್ತಿಗೆ ಅಂಗೈಯಗಲದ ಇಂಧನಕೋಶವೊಂದು ನಮ್ಮ ಮೇಜಿನ ಮೇಲೆ ಪುಟ್ಟ ಫ್ಯಾನೊಂದನ್ನು ತಿರುಗಿಸಿತು. ಗೌಡರು ಅದರ ಮುಂದೆ ಮುಖವೊಡ್ಡಿ ಕುಳಿತು, “ಇದು ಸಿದ್ದಾಪುರದ ಗಾಳಿ ಐತಿ ನೋಡ್ರಿ, ತಂಪ ಐತಿ,” ಎಂದು ಪೇಡೆಯ ಪೊಟ್ಟಣ ಬಿಚ್ಚಿದರು. ಮರುವರ್ಷ ಸಂಸ್ಥೆಯೇ ರೆಹಾನಾಳನ್ನು ಕರೆಯಿತು. ನನ್ನ ಲಸಿಕೆಯ ಪೆಟ್ಟಿಗೆ ಇನ್ನೂ ಕನಸಾಗಿಯೇ ಇದೆ. ಆದರೆ ಅದು ಈಗ ಪ್ರಶ್ನೆ ಕೇಳಲು ಕಲಿತ ಕನಸು.

ಕಳೆದ ವಾರ ಅವಳು ಫೋನು ಮಾಡಿದ್ದು ಹೊಸ ಒಗಟಿಗಾಗಿ. ಶುದ್ಧ ಕಬ್ಬಿಣದ ಲವಣದಿಂದ ಮಾಡಿದ ಪುಡಿ ಚುರುಕಾಗಿದೆ, ಆದರೆ ಬೇಗ ದಣಿಯುತ್ತದೆ. ಮಾಳಿಗೆಯ ಪುಡಿ ಅಷ್ಟು ಬೇಗ ದಣಿಯುತ್ತಿರಲಿಲ್ಲ. “ಆ ಧೂಳಿನ್ಯಾಗ ಕಬ್ಬಿಣದ ಜೋಡಿ ಇನ್ನೇನೋ ಐತ್ರಿ ಮೇಡಂ. ಅದನ್ನ ಹಿಡೀಬೇಕು. ಒಂದಿಷ್ಟು ಕಳಸ್ರಿ,” ಎಂದಿದ್ದಳು. ಅದಕ್ಕಾಗಿಯೇ ನಾನು ಮತ್ತೆ ಬಿಳಿಯ ಬಟ್ಟೆಯನ್ನು ಹಾಸಿ ಖಾಜಾಬಿಯವರ ಅಡುಗೆಮನೆಯಲ್ಲಿ ಮಾತಾಡುತ್ತ ಕುಳಿತದ್ದು.

ಸಂಜೆ ಅವರ ಜೊತೆ ಮೇಲೆ ಹೋಗಿ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದೆ. ಅಲ್ಲೊಂದು ಇಲ್ಲೊಂದು ಕರಿಯ ಚುಕ್ಕೆ. ಅಯಸ್ಕಾಂತಕ್ಕೆ ಅಂಟಿದ್ದು ಹುಬ್ಬಿನ ಒಂದು ಕೂದಲಿನಷ್ಟು. ಹತ್ತಿರದ ಚಿಮಣಿಗೆ ಧೂಳು ಹಿಡಿಯುವ ಚೀಲಗಳನ್ನು ಕೂಡಿಸಿದ್ದಾರೆ. ಆಚೆಯವು ಇನ್ನೂ ಹೊಗೆ ಉಗುಳುತ್ತಿವೆ, ಸಮಿತಿಯ ಕೆಲಸ ಮುಗಿದಿಲ್ಲ. ಆದರೂ ಯಾವ ಬಟ್ಟೆ ಬಿಳಿಯಾಗಿ ಉಳಿಯಲೆಂದು ಇಷ್ಟು ಕಾಲ ವಾದಿಸಿದ್ದೆನೋ ಅದು ಬಿಳಿಯಾಗಿಯೇ ಕೈಗೆ ಬಂದಾಗ ನನಗೆ ಮೊದಲು ಆದದ್ದು ನಿರಾಶೆ. ಆಮೇಲೆ ನಗು ಬಂತು. ಫೋನು ಹಚ್ಚಿದೆ.

“ರೆಹಾನಾ, ಕಳಸೂದಕ್ಕ ಧೂಳಿಲ್ಲ. ಅರಿವಿ ಬೆಳ್ಳಗ ಐತಿ.”

“ಬೆಳ್ಳಗ?” ಅವಳು ನಂಬಲಿಲ್ಲ. “ಅಮ್ಮೀ ಅರಿವಿ ಎಲ್ಲಿ ಒಣ ಹಾಕ್ಯಾಳ್ರಿ?”

ತಿರುಗಿ ನೋಡಿದೆ. ಮಾಳಿಗೆಯ ಆ ತುದಿಯಲ್ಲಿ, ಬೆಳಗಿನಿಂದ ನಾನು ಗಮನಿಸದಿದ್ದ ಹಗ್ಗದ ಮೇಲೆ, ಅವಳ ತಂದೆಯ ಬಿಳಿಯ ಜುಬ್ಬಾ ತೂಗಾಡುತ್ತಿತ್ತು.

“ಮಾಳಿಗಿ ಮ್ಯಾಲೆ.”

ರೆಹಾನಾ ಮೆಲ್ಲಗೆ ಕೇಳಿದಳು: “ಹಳೇದು ಐತೇನ್ರಿ? ಸಭಾದಾಗ ತೋರಿಸಿದ್ದು? ಅದರ ಎಳಿಯಾಗ ಇನ್ನೂ ಧೂಳ ಇರ್ತೈತಿ. ಆದ್ರ ಕತ್ತರಿಸಿ ಆಮ್ಲದಾಗ ಹಾಕಬೇಕಾಗ್ತೈತಿ ಮೇಡಂ. ವಾಪಸ್ ಬರಂಗಿಲ್ಲ ಮತ್ತ.”

ಪ್ರಯೋಗಾಲಯದಿಂದ ತಂದ ಮೇಲೆ ಅದು ನನ್ನ ಮನೆಯ ಕಪಾಟಿನಲ್ಲಿ, ಪಾರಿತೋಷಕಗಳ ಸಾಲಿನಲ್ಲಿತ್ತು. “ನಾಳೆ ಕಳಸ್ತೀನಿ,” ಎಂದೆ.

ಖಾಜಾಬಿಯವರು ಹೊಸ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ಝಾಡಿಸಿದರು. “ಕೊಡ್ರಿಲ್ಲೆ. ಇಷ್ಟು ಛಲೋ ಅರಿವಿ, ನೆಲದ ಮ್ಯಾಲೆ ಹಾಸಿ ಯಾಕ ಹಾಳ ಮಾಡ್ತೀರಿ?” ಎನ್ನುತ್ತ ಅದನ್ನು ಜುಬ್ಬಾದ ಪಕ್ಕದಲ್ಲಿ ಹಗ್ಗಕ್ಕೆ ಹಾಕಿದರು.